ಹುಲಿಗೂ ಜೀಪಿಗೂ ನಡುವೆ ಇಪ್ಪತ್ತು ಮೀಟರ್

ಸಂಪಾದಕರಿಗೆ,

ಮಾನ್ಯರೇ,

ಸರಗೂರು ಭಾಗದ ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಬಳಿಕ 2025ರ ನವೆಂಬರ್‌ನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿ ನಿಲ್ಲಿಸಿತು. ಸಫಾರಿಯಲ್ಲಿದ್ದ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಕಳಿಸಿತು. ಆಗ ಎದ್ದ ಚರ್ಚೆ ಬಹುಪಾಲು ಎರಡು ಮಾತುಗಳ ಸುತ್ತಲೇ ಸುತ್ತಿತು: ಸಫಾರಿ ಇರಲಿ, ಸಫಾರಿ ಬೇಡ. ಇರುವುದಾದರೆ ಹೇಗಿರಬೇಕು ಎಂದು ಕೇಳಿದವರು ಕಡಿಮೆ. ಆ ಕಾಡುಗಳಿಗೆ ಹೋಗುವವರಲ್ಲಿ ದೊಡ್ಡ ಪಾಲು ನಾವು ಬೆಂಗಳೂರಿನವರು. ಜೀಪಿನಲ್ಲಿ ಕೂತು ದುಡ್ಡು ಕೊಡುವವರು ಏನು ಕೇಳುತ್ತಾರೋ ಚಾಲಕ ಅದನ್ನೇ ಮಾಡುತ್ತಾನೆ. ಆದ್ದರಿಂದ ಈ ಪತ್ರ ಮೊದಲು ನಮ್ಮ ಊರಿನ ಓದುಗರಿಗೆ, ಆಮೇಲೆ ಇಲಾಖೆಗೆ.

ಹುಲಿ ಊರಿಗೆ ಬರಲು ಸಫಾರಿಯೊಂದೇ ಕಾರಣ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. 2022ರ ಗಣತಿಯಲ್ಲಿ ರಾಜ್ಯದಲ್ಲಿ 563 ಹುಲಿಗಳಿದ್ದವು. ತಾಯಿಯಿಂದ ಬೇರಾದ ಎಳೆಯ ಗಂಡುಗಳಿಗೂ, ಕಾದಾಟದಲ್ಲಿ ಸೋತು ಹಲ್ಲು ಮುರಿದುಕೊಂಡ ಮುದಿ ಹುಲಿಗಳಿಗೂ ಒಳಕಾಡಿನಲ್ಲಿ ಜಾಗ ಸಿಗುವುದಿಲ್ಲ. ಅವು ಅಂಚಿಗೆ ಸರಿಯುತ್ತವೆ. ಅಲ್ಲಿ ಮೇಯುವ ದನ ಸಿಗುತ್ತದೆ, ಅಡಗಲು ಹೊಲದ ಬೆಳೆ ಸಿಗುತ್ತದೆ. ಲಂಟಾನ ಕಳೆ ಹಬ್ಬಿದ ಕಡೆ ಹುಲ್ಲು ಬೆಳೆಯದೆ ಜಿಂಕೆಯೂ ಕಡವೆಯೂ ಜಾಗ ಬದಲಿಸುತ್ತವೆ. ಹಾಗೆಂದು ಸಫಾರಿಯಿಂದ ಪ್ರಾಣಿಗೆ ಏನೂ ಆಗುವುದಿಲ್ಲ ಎಂದೂ ಹೇಳಲಾಗದು. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿಯ ವಿಜ್ಞಾನಿಗಳು ಮಧ್ಯಪ್ರದೇಶದ ಕಾನ್ಹಾ ಮತ್ತು ಬಾಂಧವಗಢದಲ್ಲಿ ಹುಲಿಯ ಮಲ ಸಂಗ್ರಹಿಸಿ ಪರೀಕ್ಷಿಸಿದರು. ಪ್ರವಾಸಿಗರು ಬರುವ ತಿಂಗಳುಗಳಲ್ಲಿ ಒತ್ತಡದ ಹಾರ್ಮೋನು ಏರಿತ್ತು, ವಾಹನ ಹೆಚ್ಚಿದಂತೆ ಅದೂ ಹೆಚ್ಚಿತ್ತು. ಅಂದರೆ ಸಫಾರಿ ಇದೆಯೋ ಇಲ್ಲವೋ ಎನ್ನುವುದರಷ್ಟೇ ಮುಖ್ಯವಾದದ್ದು ಎಷ್ಟು ವಾಹನ, ಎಷ್ಟು ಹತ್ತಿರ, ಎಷ್ಟು ಹೊತ್ತು ಎಂಬ ಲೆಕ್ಕ.

ಈ ಲೆಕ್ಕಕ್ಕೆ ನಿಯಮ ಈಗಾಗಲೇ ಇದೆ. 2012ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹುಲಿ ಮೀಸಲು ಪ್ರದೇಶಗಳ ಒಳಭಾಗದಲ್ಲಿ ಪ್ರವಾಸೋದ್ಯಮಕ್ಕೆ ತಾತ್ಕಾಲಿಕ ತಡೆ ಹಾಕಿತ್ತು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದ ಮೇಲೆ ಅಕ್ಟೋಬರ್‌ನಲ್ಲಿ ತಡೆ ತೆರವಾಯಿತು. ಒಳಕಾಡಿನ ಶೇ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ತೆರೆಯುವಂತಿಲ್ಲ. ಪ್ರಾಣಿಗೂ ವಾಹನಕ್ಕೂ ಕನಿಷ್ಠ 20 ಮೀಟರ್ ಅಂತರ ಇರಬೇಕು. ಒಂದೇ ದಾರಿಯಲ್ಲಿ ಹೋಗುವ ಎರಡು ವಾಹನಗಳ ನಡುವೆ 50 ಮೀಟರ್ ಇರಬೇಕು. ಪ್ರಾಣಿ ಕಂಡ ಜಾಗದಲ್ಲಿ 15 ನಿಮಿಷಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಪ್ರಾಣಿಯನ್ನು ಸುತ್ತುವರಿಯುವುದು, ಆಮಿಷ ಒಡ್ಡುವುದು, ತಿನ್ನಿಸುವುದು ನಿಷಿದ್ಧ.

20 ಮೀಟರ್ ಎಂದರೆ ಐದು ಜೀಪುಗಳನ್ನು ಮೂತಿಗೆ ಬಾಲ ತಾಗಿಸಿ ನಿಲ್ಲಿಸಿದಷ್ಟು ಉದ್ದ. ಅಳೆಯಲು ಟೇಪು ಬೇಕಿಲ್ಲ, ಕಣ್ಣಂದಾಜು ಸಾಕು. ಹಾಗಿದ್ದರೂ ಈ ನಿಯಮ ಮುರಿಯಲು ಒಂದು ಕಾರಣವನ್ನು ಯಾರೂ ಎತ್ತಿ ಹೇಳುವುದಿಲ್ಲ. ಅದು ನಮ್ಮ ಕೈಯಲ್ಲಿರುವ ಮೊಬೈಲು. ಫುಲ್ ಫ್ರೇಮ್ ಕ್ಯಾಮೆರಾಗೆ 400 ಮಿ.ಮೀ. ಲೆನ್ಸ್ ಹಾಕಿದರೆ 20 ಮೀಟರ್ ದೂರದಲ್ಲಿ ಚಿತ್ರದ ಅಗಲ ಕೇವಲ 1.8 ಮೀಟರ್. ಬಾಲ ಬಿಟ್ಟರೂ ಹುಲಿಯ ಮೈ ಅದರಲ್ಲಿ ಹಿಡಿಸುವುದು ಕಷ್ಟ, ಹಾಗಾಗಿ ದೊಡ್ಡ ಲೆನ್ಸಿನವರು ದೂರವನ್ನೇ ಬಯಸುತ್ತಾರೆ. ಆದರೆ ಮೊಬೈಲಿನ ಮುಖ್ಯ ಕ್ಯಾಮೆರಾದಲ್ಲಿ ಅಷ್ಟೇ ದೂರಕ್ಕೆ ಸುಮಾರು 27 ಮೀಟರ್ ಅಗಲ ತುಂಬುತ್ತದೆ. ಅಷ್ಟಗಲದಲ್ಲಿ ಹುಲಿ ಒಂದು ಚುಕ್ಕೆ. ‘ಇನ್ನೊಂಚೂರು ಮುಂದೆ ತಗೊಳ್ಳಿ ಅಣ್ಣಾ’ ಎಂಬ ಮಾತು ಹುಟ್ಟುವುದು ಅಲ್ಲಿಂದ. ಉತ್ತರಾಖಂಡದ ಕಾರ್ಬೆಟ್ ಹುಲಿ ಮೀಸಲಿನ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹುಲಿ ಮೀಸಲಿನ ಒಳಭಾಗದ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಕೆ ಬೇಡವೆಂದೂ, ರಾತ್ರಿ ಪ್ರವಾಸ ಪೂರ್ತಿ ನಿಲ್ಲಬೇಕೆಂದೂ ಹೇಳಿದೆ. ಮೊಬೈಲ್ ಬೇಡವೆನ್ನುವುದು ಕಠಿಣವೆಂದು ಕೆಲವರಿಗೆ ಅನ್ನಿಸಬಹುದು. ನನಗೆ ಅದು ಸರಿಯೆನ್ನಿಸುತ್ತದೆ. ಅದರ ಬದಲು ಮನೆಗೊಂದು 8×42 ಬೈನಾಕ್ಯುಲರ್ ಒಯ್ಯಿರಿ. ಎಂಟು ಪಟ್ಟು ಹತ್ತಿರ ತರುವ ಆ ಗಾಜಿನಲ್ಲಿ 40 ಮೀಟರ್ ದೂರದ ಪ್ರಾಣಿ ಐದು ಮೀಟರಿನಲ್ಲಿ ನಿಂತಂತೆ ಕಾಣುತ್ತದೆ. ಮಕ್ಕಳು ಹುಲಿಯ ಕಿವಿಯ ಹಿಂದಿನ ಬಿಳಿ ಮಚ್ಚೆಯನ್ನೂ ನೋಡಬಹುದು.

ಗುಂಪು ಕಟ್ಟುವುದು ಎರಡನೆಯ ಕೇಡು. ಮುಸುವ ಕೂಗಿತು, ಜಿಂಕೆ ಎಚ್ಚರಿಕೆಯ ಕೂಗು ಹಾಕಿತು, ಒಂದು ಜೀಪು ನಿಂತಿತು; ಸುದ್ದಿ ಹೋಗಿ ಹತ್ತು ನಿಮಿಷದಲ್ಲಿ ಎಂಟು ವಾಹನ. ಹಿಂದೆ ನಾಲ್ಕು, ಮುಂದೆ ನಾಲ್ಕು ನಿಂತರೆ ರಸ್ತೆ ದಾಟಲು ಬಂದ ಹೆಣ್ಣು ಹುಲಿ ಲಂಟಾನದೊಳಗೆ ತಿರುಗಿ ಹೋಗುತ್ತದೆ. ಅದರ ಮರಿಗಳು ರಸ್ತೆಯ ಆ ಬದಿಯಲ್ಲಿದ್ದರೆ ಹಾಲು ತಡವಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕೆರೆ ದಂಡೆಯಲ್ಲಿ ನಿಂತರೆ ಇನ್ನೂ ಕೆಟ್ಟದ್ದು. ಪೊದೆಗೂ ನೀರಿಗೂ ನಡುವೆ ಜೀಪು ನಿಂತರೆ ಅದು ಹೋಗುವ ತನಕ ಆನೆ, ಕಾಟಿ, ಜಿಂಕೆ ಎಲ್ಲವೂ ಬಾಯಾರಿ ಕಾಯುತ್ತವೆ. ಸೀಳುನಾಯಿಗಳ ಗೂಡಿನ ಹತ್ತಿರ ದಿನವೂ ವಾಹನ ನಿಂತರೆ ಅವು ಮರಿಗಳನ್ನು ಕಚ್ಚಿಕೊಂಡು ಬೇರೆ ಕಡೆ ಹೋಗುತ್ತವೆ. ಮೊದಲು ಬಂದ ವಾಹನ ಪ್ರಾಣಿಯ ದಾರಿ ಯಾವ ಕಡೆಗೆಂದು ನೋಡಿ ಆ ಬದಿಯನ್ನು ಖಾಲಿ ಬಿಡಬೇಕು, ಇಂಜಿನ್ ಆರಿಸಬೇಕು. ಆಮೇಲೆ ಬಂದವರೆಲ್ಲ ಅದರ ಹಿಂದೆ, ಒಂದೇ ಪಕ್ಕದಲ್ಲಿ ನಿಲ್ಲಬೇಕು. ಇನ್ನೊಂದು ಪಕ್ಕಕ್ಕೆ ಯಾರೂ ಹೋಗಬಾರದು.

ಚಾಲಕನನ್ನು ಬೈದರೆ ಇದು ಸರಿಯಾಗದು. ಸೈಟಿಂಗ್ ಆದ, ಅಂದರೆ ಹುಲಿ ಕಂಡ ದಿನ ಟಿಪ್ಸು, ಆಗದ ದಿನ ಮುಖ ಸಿಂಡರಿಸಿಕೊಂಡು ಇಳಿದು ಹೋಗುವ ಪ್ರವಾಸಿ. ಕಡಿಮೆ ಸಂಬಳದವನಿಗೆ ಅದರ ಅರ್ಥ ಚೆನ್ನಾಗಿ ಗೊತ್ತು. ಗೇಟು ಮುಚ್ಚಲು ಹತ್ತು ನಿಮಿಷ ಇರುವಾಗಲೂ ಹುಲಿಯ ಹಿಂದೆ ಓಡಿ, ಆಮೇಲೆ ದಂಡಕ್ಕೆ ಹೆದರಿ ಕಾಡುದಾರಿಯಲ್ಲಿ ವೇಗವಾಗಿ ಬರುವುದು ಇದೇ ಕಾರಣಕ್ಕೆ. ಹತ್ತುವ ಮೊದಲೇ ಅವರಿಗೆ ಹೇಳಿಬಿಡಿ: ‘ಹುಲಿ ಕಾಣಲಿ ಬಿಡಲಿ, ಕೊಡುವುದು ಇಷ್ಟೇ. ನಿಧಾನವಾಗಿ ಹೋಗೋಣ, ಹಕ್ಕಿ ತೋರಿಸಿ.’ ಆ ಒಂದು ಮಾತಿಗೆ ಆ ಬೆಳಗಿನ ಸಫಾರಿಯೇ ಬದಲಾಗುತ್ತದೆ. ಇಲಾಖೆಯೂ ಜಂಗಲ್ ಲಾಡ್ಜಸ್ ಸಂಸ್ಥೆಯೂ ಟಿಪ್ಸನ್ನು ಒಂದೇ ಪೆಟ್ಟಿಗೆಗೆ ಹಾಕಿಸಿ ತಿಂಗಳ ಕೊನೆಗೆ ಎಲ್ಲ ಚಾಲಕರಿಗೂ, ವಾಚರುಗಳಿಗೂ ಸಮನಾಗಿ ಹಂಚಿದರೆ ಓಟ ತಾನಾಗಿ ತಗ್ಗುತ್ತದೆ.

ವಾಹನ ಎಷ್ಟಿರಬೇಕೆಂಬುದು ಅಧಿಕಾರಿಯ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಅದಕ್ಕೂ 2012ರ ಮಾರ್ಗಸೂಚಿ ಸೂತ್ರ ಕೊಟ್ಟಿದೆ. ಓದುಗರಿಗೆ ತಿಳಿಯಲೆಂದು ಒಂದು ಕಾಲ್ಪನಿಕ ವಲಯದ ಲೆಕ್ಕ ಹಾಕಿ ತೋರಿಸುತ್ತೇನೆ. ಸಫಾರಿ ರಸ್ತೆ ಒಟ್ಟು 40 ಕಿ.ಮೀ. ಎನ್ನಿ. ಧೂಳು ಹಿಂದಿನವರಿಗೆ ಬಡಿಯದಿರಲು ವಾಹನಗಳ ನಡುವೆ 500 ಮೀಟರ್ ಬಿಟ್ಟರೆ ಕಿಲೋಮೀಟರಿಗೆ ಎರಡು, ಒಟ್ಟು 80. ಇದು ಬರೀ ರಸ್ತೆಯ ಲೆಕ್ಕ. ಮಳೆಯಲ್ಲಿ ಕೆಸರಾಗಿ ಬಳಸಲಾಗದ ದಾರಿಗಳಿಗೆ ಶೇ 25 ಕಳೆಯಿರಿ, 60 ಆಯಿತು. ಮರಿ ಹಾಕುವ ಜಾಗ, ನೀರಿನ ತಾಣಗಳ ಬಳಿ ಬಿಡಬೇಕಾದ ದಾರಿಗೆ ಶೇ 10 ಕಳೆದರೆ 54. ಕೊನೆಯ ಅಂಶವೇ ಮುಖ್ಯ: ಇಷ್ಟನ್ನು ನಿಭಾಯಿಸಲು ಬೇಕಾದ ಸಿಬ್ಬಂದಿಯಲ್ಲಿ ಅರ್ಧದಷ್ಟೇ ಇದ್ದರೆ ಸಂಖ್ಯೆಯೂ ಅರ್ಧ, 27. ಸಿಬ್ಬಂದಿ ಕಡಿಮೆಯಾದಂತೆ ವಾಹನವೂ ಕಡಿಮೆಯಾಗಬೇಕು, ಇದೇ ಸೂತ್ರದ ತಿರುಳು. ಅರಣ್ಯ ಇಲಾಖೆಯಲ್ಲಿ ಗಾರ್ಡ್, ವಾಚರ್ ಹುದ್ದೆಗಳು ಖಾಲಿ ಬಿದ್ದಿರುವಾಗ, ಇರುವ ಗಾರ್ಡನ್ನೇ ಗಸ್ತಿನಿಂದ ತಂದು ಟಿಕೆಟ್ ಕೌಂಟರಿನಲ್ಲಿ ಕೂರಿಸಿದರೆ ಎರಡು ಕಡೆಯೂ ನಷ್ಟ. ಬಂಡೀಪುರದ ಮೇಲುಕಾಮನಹಳ್ಳಿ ಕೌಂಟರಿನಲ್ಲಿ, ನಾಗರಹೊಳೆಯ ಕಾಕನಕೋಟೆ ಮತ್ತು ನಾಣಚ್ಚಿ ಗೇಟುಗಳಲ್ಲಿ ಈ ಲೆಕ್ಕವನ್ನು ಅಂಕಿಗಳ ಸಮೇತ ಬೋರ್ಡಿನಲ್ಲಿ ಬರೆದಿಡಬೇಕೆಂದು ಕೇಳುತ್ತೇನೆ. ಬರೆದ ಮೇಲೆ ವಿಐಪಿ ಶಿಫಾರಸಿನ ಹೆಚ್ಚುವರಿ ಜೀಪು ತೂರಿಸುವುದು ಸುಲಭವಲ್ಲ.

ಉಳಿದುಕೊಳ್ಳುವ ಜಾಗದ ಆಯ್ಕೆಯೂ ಸಣ್ಣ ವಿಷಯವಲ್ಲ. ನೀಲಗಿರಿಯ ಸೀಗೂರು ಆನೆ ಪಥದಲ್ಲಿದ್ದ ರೆಸಾರ್ಟುಗಳ ವಿಷಯದಲ್ಲಿ 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆನೆಗಳ ಪರ ತೀರ್ಪು ಕೊಟ್ಟಿತು. ಮೂರು ತಿಂಗಳು ಕಳೆಯುತ್ತಲೇ, 2021ರ ಜನವರಿಯಲ್ಲಿ, ಅಲ್ಲೇ ಪಕ್ಕದ ಮಸಿನಗುಡಿಯಲ್ಲಿ ಉರಿಯುವ ಟೈರು ಎಸೆತಕ್ಕೆ ಸಿಕ್ಕಿ ಆನೆಯೊಂದು ಸತ್ತಿತು. ಬುಕ್ ಮಾಡುವ ಮೊದಲು ಫೋನಿನಲ್ಲಿ ನಾಲ್ಕು ಪ್ರಶ್ನೆ ಕೇಳಿ. ಸುತ್ತ ಗೋಡೆ ಇದೆಯೇ, ವಿದ್ಯುತ್ ಬೇಲಿ ಇದೆಯೇ? ರಾತ್ರಿ ಕಾಡಿನ ಕಡೆಗೆ ಫ್ಲಡ್‌ಲೈಟ್ ಉರಿಯುತ್ತದೆಯೇ? ಅಡುಗೆ ಮನೆಯ ಕಸ ಎಲ್ಲಿಗೆ ಹೋಗುತ್ತದೆ? ಕೆಲಸದವರಲ್ಲಿ ಎಷ್ಟು ಮಂದಿ ಅಕ್ಕಪಕ್ಕದ ಹಳ್ಳಿ, ಹಾಡಿಯವರು? ಕೊನೆಯದಕ್ಕೆ ಉತ್ತರ ತಡವರಿಸಿದರೆ ಬೇರೆ ಜಾಗ ಹುಡುಕಿ. ಜೇನುಕುರುಬರು, ಬೆಟ್ಟಕುರುಬರು, ಸೋಲಿಗರು ಆ ಕಾಡನ್ನು ಬಲ್ಲಷ್ಟು ಬೇರೆ ಯಾವ ಗೈಡೂ ಬಲ್ಲವನಲ್ಲ. ಕ್ಯಾಂಪ್‌ಫೈರ್ ಬೇಕೆಂದು ಕೇಳುವವರು ನಾವೇ, ಫೆಬ್ರುವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ಮರುಗುವವರೂ ನಾವೇ.

ಕಾಡಿನ ಅಂಚಿನವರಿಗೆ ಪಾಲು ಸಿಗದೆ ಸಂರಕ್ಷಣೆ ನಿಲ್ಲುವುದಿಲ್ಲ. ನೇಪಾಳದ ಕಾನೂನಿನಂತೆ ಚಿತ್ವನ್‌ನಂಥ ರಾಷ್ಟ್ರೀಯ ಉದ್ಯಾನಗಳ ಆದಾಯದ ಶೇ 30ರಿಂದ 50ರಷ್ಟು ಅಂಚಿನ ಹಳ್ಳಿಗಳ ಕೆಲಸಕ್ಕೆ ಹೋಗುತ್ತದೆ. ಇಡೀ ನೇಪಾಳದಲ್ಲಿ 2009ರಲ್ಲಿ 121 ಇದ್ದ ಹುಲಿಗಳು 2022ಕ್ಕೆ 355 ಆದವು. ಇದೊಂದೇ ಕಾರಣವೆನ್ನಲಾಗದಿದ್ದರೂ ಊರಿನವರ ಒಪ್ಪಿಗೆಯಿಲ್ಲದೆ ಆ ಏರಿಕೆ ಆಗುತ್ತಿರಲಿಲ್ಲ. ನಮ್ಮಲ್ಲೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2006ರ ತಿದ್ದುಪಡಿಯಂತೆ ಪ್ರತಿ ಹುಲಿ ಮೀಸಲಿಗೆ ಹುಲಿ ಸಂರಕ್ಷಣಾ ಪ್ರತಿಷ್ಠಾನ ಇದೆ, ಪ್ರವಾಸಿಗರ ಹಣ ಅಲ್ಲಿಗೆ ಬರುತ್ತದೆ. ಆ ಹಣದಲ್ಲಿ ಸರಗೂರು, ಗುಂಡ್ಲುಪೇಟೆ ಹಳ್ಳಿಗಳಿಗೆ ಎಷ್ಟು ಹೋಯಿತು ಎಂಬುದು ಗ್ರಾಮ ಪಂಚಾಯಿತಿ ಗೋಡೆಯ ಮೇಲೆ ಬರಬೇಕು. ದನ ಕಳೆದುಕೊಂಡವನಿಗೆ ಪರಿಹಾರ ವಾರದೊಳಗೆ ಕೈಸೇರಿದರೆ ಸತ್ತ ದನಕ್ಕೆ ವಿಷ ಹಾಕುವ ಯೋಚನೆ ಅವನಿಗೆ ಬಾರದು. ದೂರ ಹೋಗುವುದೇ ಬೇಡ, ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರನ್ನು ನೋಡಿ. ಮನೆ ಹಿತ್ತಿಲಿನ ಹುಣಸೆ ಮರದಲ್ಲಿ ಹೆಜ್ಜಾರ್ಲೆ ಗೂಡು ಕಟ್ಟುತ್ತದೆ, ಹಕ್ಕಿ ಇರುವ ತನಕ ಹಣ್ಣು ಉದುರಿಸುವಂತಿಲ್ಲ. ಆ ನಷ್ಟ ಹೊತ್ತು ಕಾಯುವವರು ಊರಿನವರು. ಅಲ್ಲಿಗೆ ಹೋದವರು ಡ್ರೋನ್ ಹಾರಿಸದೆ, ಮರದ ಬುಡದಲ್ಲಿ ಚಪ್ಪಾಳೆ ತಟ್ಟದೆ, ಊರಿನ ಹೋಟೆಲಿನಲ್ಲಿ ಊಟ ಮಾಡಿ ಬರುವುದು ಕನಿಷ್ಠ ಸೌಜನ್ಯ.

ಊಟಿ, ವಯನಾಡಿಗೆ ಹೋಗುವವರಿಗೆ ಒಂದು ಮಾತು. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಗೇಟು ಬೀಳುವ ಮುನ್ನ ದಾಟಿಬಿಡೋಣ ಎಂದು ಎಂಟೂವರೆಗೆ ಓಡಿಸುವ ಕಾರೇ ಕಡವೆಗೆ ಗುದ್ದುವುದು. ಸಂಜೆ ಆರರೊಳಗೆ ಗುಂಡ್ಲುಪೇಟೆ ತಲುಪಲಾಗದಿದ್ದರೆ ಅಲ್ಲೇ ಉಳಿದು ಬೆಳಿಗ್ಗೆ ಹೊರಡಿ. ರಸ್ತೆಯಲ್ಲಿ ಆನೆ ನಿಂತಿದ್ದರೆ ನೂರು ಮೀಟರ್ ಹಿಂದೆಯೇ ನಿಲ್ಲಿ. ಇಂಜಿನ್ ಆರಿಸಬೇಡಿ, ಹಿಂದಕ್ಕೆ ತೆಗೆಯಬೇಕಾಗಬಹುದು. ಹಾರ್ನ್ ಬೇಡ, ಹೈಬೀಮ್ ಬೇಡ, ಇಳಿಯುವುದಂತೂ ಬೇಡವೇ ಬೇಡ. ಕಿವಿ ಅಗಲಿಸಿ ತಲೆಯೆತ್ತಿ ಅಲುಗದೆ ನಿಂತರೆ, ಮುಂಗಾಲು ತೂಗಿದರೆ, ಮಣ್ಣು ಎರಚಿದರೆ ಅದು ಎಚ್ಚರಿಕೆ. ಸೊಂಡಿಲು ಒಳಕ್ಕೆ ಮಡಿಸಿ ಬಂದರೆ ಅದು ಬೆದರಿಕೆಯಲ್ಲ, ದಾಳಿ. ಚಿಪ್ಸ್, ಬಾಳೆಹಣ್ಣು ಎಸೆಯುವುದು ಪ್ರೀತಿಯೆಂದು ತಿಳಿದವರಿದ್ದಾರೆ. ಉಪ್ಪಿನ ರುಚಿ ಹತ್ತಿದ ಜಿಂಕೆ ರಸ್ತೆ ಬಿಟ್ಟು ಹೋಗುವುದಿಲ್ಲ, ಲಾರಿಯ ಕಬ್ಬು ಎಳೆಯಲು ಕಲಿತ ಆನೆ ಕಾರನ್ನೂ ತಡೆಯುತ್ತದೆ.

ಬೆಂಗಳೂರಿನೊಳಗೂ ಇದೇ ಮಾತು ಅನ್ವಯಿಸುತ್ತದೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ, ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳಲ್ಲಿ ರಾತ್ರಿ ಓಡಾಡುವ ಪುಟ್ಟ ಪ್ರಾಣಿ ಕಾಡುಪಾಪ (ಲೋರಿಸ್) ಇದೆ. ಕತ್ತಲಿಗೆ ಹೊಂದಿದ ಅದರ ಕಣ್ಣಿಗೆ ಬಿಳಿ ಟಾರ್ಚ್ ಬಿದ್ದರೆ ಕೊಂಬೆ ಹಿಡಿಯಲು ತಡವರಿಸುತ್ತದೆ. ಕೆಂಪು ಕಾಗದ ಸುತ್ತಿದ ಮಂದ ಬೆಳಕು ಸಾಕು, ಅದೂ ಎರಡು ನಿಮಿಷ. ಫ್ಲ್ಯಾಷ್ ಬೇಡ. ಮಾಟಕ್ಕೆಂದು ಹಿಡಿಯುವವರು ಇನ್ನೂ ಇರುವುದರಿಂದ ಜಾಗದ ಹೆಸರನ್ನು ವಾಟ್ಸ್‌ಆ್ಯಪಿನಲ್ಲಿ ಹಾಕಬೇಡಿ, ಚಿತ್ರ ತೆಗೆಯುವಾಗ ಫೋನಿನ ಲೊಕೇಶನ್ ಆಫ್ ಮಾಡಿ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಮೊಬೈಲಿನಿಂದ ಹಕ್ಕಿಯ ಕೂಗು ಹಾಕಿ ಕರೆಯುವ ಚಾಳಿಯೂ ಇದೆ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂದಿದೆಯೆಂದು ತಿಳಿದು ಹಕ್ಕಿ ಗೂಡು ಬಿಟ್ಟು ಹಾಡುತ್ತಾ ಹಾರಾಡುತ್ತದೆ. ಅಷ್ಟು ಹೊತ್ತು ಮರಿಗೆ ಹುಳ ಸಿಗುವುದಿಲ್ಲ, ಗೂಡಿನ ಮೇಲೆ ಕಾಗೆಯ ಕಣ್ಣು ಬೀಳುತ್ತದೆ.

ಶಾಲೆ ರಜೆಗೆ ಥಾಯ್ಲೆಂಡ್, ಬಾಲಿ, ಶ್ರೀಲಂಕಾ ಪ್ಯಾಕೇಜು ಕೊಳ್ಳುವ ಕುಟುಂಬಗಳು ಈಗ ಬಹಳ. ಅಲ್ಲಿ ಹತ್ತಿರ ಹೋಗುವುದಷ್ಟೇ ಅಲ್ಲ, ಮುಟ್ಟುವುದನ್ನೇ ಮಾರುತ್ತಾರೆ. ಥಾಯ್ಲೆಂಡಿನ ಕಾಂಚನಬುರಿಯ ಹುಲಿ ದೇವಾಲಯದಲ್ಲಿ ಪ್ರವಾಸಿಗರು ಹುಲಿಯ ತಲೆ ತೊಡೆಯ ಮೇಲಿಟ್ಟುಕೊಂಡು ಫೋಟೊ ತೆಗೆಸುತ್ತಿದ್ದರು. 2016ರಲ್ಲಿ ಅಧಿಕಾರಿಗಳು ದಾಳಿ ಮಾಡಿ 137 ಹುಲಿಗಳನ್ನು ಸಾಗಿಸಿದಾಗ ಫ್ರೀಜರಿನಲ್ಲಿ 40 ಮರಿಗಳ ಹೆಣ ಸಿಕ್ಕವು. ಪುಕೆಟ್‌ನ ಬೀದಿಗಳಲ್ಲಿ ಫೋಟೊಗೆಂದು ಹೆಗಲ ಮೇಲೆ ಕೂರಿಸುತ್ತಿದ್ದ ಸ್ಲೋ ಲೋರಿಸ್ ನಮ್ಮ ಕಾಡುಪಾಪದ ಬಂಧು. ಅದರ ಕಡಿತ ವಿಷವಾದ್ದರಿಂದ ಹಲ್ಲು ಕತ್ತರಿಸಿರುತ್ತಾರೆ. ಆನೆಗೆ ಸ್ನಾನ ಮಾಡಿಸುವುದು ನಿರುಪದ್ರವಿ ಎಂದು ನಂಬಿದವರು ಹೆಚ್ಚು. ಆದರೆ ದಿನಕ್ಕೆ ಹಲವು ತಂಡ ಬಂದರೆ ಆನೆ ಅಷ್ಟೂ ಸಲ ನೀರಿಗಿಳಿಯಬೇಕು, ಅಪರಿಚಿತರ ಕೈಗೆ ಮೈಯೊಡ್ಡಬೇಕು. ಅದಕ್ಕೆ ಒಪ್ಪುವಂತೆ ಮೊದಲು ಅದನ್ನು ಪಳಗಿಸಿರಬೇಕು. 2025ರ ಜನವರಿಯಲ್ಲಿ ಥಾಯ್ಲೆಂಡಿನಲ್ಲಿ ಹೀಗೆ ಸ್ನಾನ ಮಾಡಿಸುತ್ತಿದ್ದ ಸ್ಪೇನಿನ ಯುವತಿ ಆನೆಯ ತಿವಿತಕ್ಕೆ ಸತ್ತಳು. ಮನುಷ್ಯರ ಕ್ಷಯರೋಗ ಆನೆಗೂ ಅಂಟುತ್ತದೆ. ನಮ್ಮ ದುಬಾರೆಯಲ್ಲಿ ಆನೆಯ ಮೈ ಉಜ್ಜಲು ನಿಲ್ಲುವವರೂ ಇದನ್ನು ನೆನಪಿಡಬೇಕು.

‘ಸ್ಯಾಂಕ್ಚುಯರಿ’ ಎಂಬ ಬೋರ್ಡು ನೋಡಿ ಮೋಸಹೋಗಬೇಡಿ. ಪ್ರಾಣಿಯನ್ನು ಮುಟ್ಟಲು ಬಿಡುತ್ತಾರೆಯೇ, ವರ್ಷವಿಡೀ ಎಳೆ ಮರಿಗಳೇ ಇರುತ್ತವೆಯೇ, ದೊಡ್ಡವಾದ ಮೇಲೆ ಎಲ್ಲಿಗೆ ಹೋಗುತ್ತವೆ ಎಂದು ಟ್ರಾವೆಲ್ ಏಜೆಂಟರನ್ನು ಕೇಳಿ. ಒಳ್ಳೆಯ ಜಾಗಗಳಿವೆ. ಶ್ರೀಲಂಕಾದ ಉಡವಲವೆ ಆನೆ ಕೇಂದ್ರ 1995ರಿಂದ ತಬ್ಬಲಿ ಮರಿಗಳನ್ನು ಸಾಕಿ ಕಾಡಿಗೆ ಬಿಡುತ್ತಿದೆ. ಹಾಲು ಕುಡಿಸುವುದನ್ನು ದೂರದ ಅಟ್ಟಣೆಯಿಂದ ನೋಡಬಹುದು, ಮುಟ್ಟುವಂತಿಲ್ಲ. ಬೋರ್ನಿಯೊದ ಸೆಪಿಲೋಕ್‌ನಲ್ಲಿ 1964ರಿಂದ ಒರಾಂಗುಟಾನ್‌ಗಳಿಗೂ ಹೀಗೇ. ಅವುಗಳಿಗೆ ನಮ್ಮ ನೆಗಡಿ ಅಂಟುವುದರಿಂದ ಕೆಮ್ಮು ಇದ್ದವರು ಹೋಗದಿರುವುದು ಒಳಿತು. ಫಿಲಿಪ್ಪೀನ್ಸಿನ ಒಸ್ಲೊಬ್‌ನಲ್ಲಿ ಮಾತ್ರ ತಿಮಿಂಗಿಲ ಶಾರ್ಕ್‌ಗಳಿಗೆ ಬೆಳಿಗ್ಗೆ ಸಣ್ಣ ಸೀಗಡಿ ಹಾಕಿ ದೋಣಿ ಪಕ್ಕ ನಿಲ್ಲಿಸುತ್ತಾರೆ. ದೋಣಿಯೆಂದರೆ ಊಟವೆಂದು ಕಲಿತ ಮೀನು ಪ್ರೊಪೆಲ್ಲರ್ ಇರುವ ದೋಣಿಗೂ ಹತ್ತಿರ ಹೋಗುತ್ತದೆ. ಅದನ್ನು ಪ್ಯಾಕೇಜಿನಿಂದ ತೆಗೆಸಿ. ಬ್ಯಾಂಕಾಕಿನಿಂದ ಬರುವ ವಿಮಾನಗಳಲ್ಲಿ ಸೂಟ್‌ಕೇಸಿನೊಳಗೆ ತುರುಕಿದ ಆಮೆ, ಹಾವು, ಕೋತಿಮರಿಗಳನ್ನು ಕಸ್ಟಮ್ಸ್‌ನವರು ನಮ್ಮ ಕೆಂಪೇಗೌಡ ನಿಲ್ದಾಣದಲ್ಲಿ ಮತ್ತೆ ಮತ್ತೆ ಹಿಡಿದಿದ್ದಾರೆ. ಅವನ್ನು ಕೊಳ್ಳುವವರೂ ಈ ಊರಿನಲ್ಲೇ ಇದ್ದಾರೆ.

ಕೊನೆಗೆ ಇಲಾಖೆಗೆ ನನ್ನ ಮನವಿ. ಪ್ರತಿ ಸಫಾರಿ ವಾಹನಕ್ಕೂ ಜಿಪಿಎಸ್ ಇರಲಿ, ಒಂದೇ ಜಾಗದಲ್ಲಿ 15 ನಿಮಿಷ ದಾಟಿದರೆ ಅದು ತಾನಾಗಿ ದಾಖಲಾಗಲಿ. ಟಿಕೆಟ್ಟಿನ ಮೇಲೆ ಅಂತರದ ನಿಯಮವನ್ನೂ ಅರಣ್ಯ ಸಹಾಯವಾಣಿ 1926 ಅನ್ನೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿ. ನಿಯಮ ಮುರಿದ ವಾಹನ ಕಂಡರೆ ಪ್ರವಾಸಿಗರು ವಾಹನದ ನಂಬರು, ದಾರಿಯ ಹೆಸರು, ಗಂಟೆ ಬರೆದುಕೊಂಡು ಗೇಟಿನಲ್ಲೇ ಲಿಖಿತ ದೂರು ಕೊಡಲಿ, ಅದಕ್ಕೆ ರಸೀದಿ ಸಿಗಲಿ. ತಪ್ಪಿಗೆ ಚಾಲಕನಿಗಷ್ಟೇ ಅಲ್ಲ, ಹತ್ತಿರ ಹೋಗೆಂದು ಒತ್ತಾಯಿಸಿದ ಪ್ರವಾಸಿಗೂ ದಂಡ ಬೀಳಬೇಕು. ಎಷ್ಟು ದೂರು ಬಂದವು, ಎಷ್ಟು ವಾಹನಗಳನ್ನು ಎಷ್ಟು ದಿನ ಹೊರಗಿಟ್ಟರು ಎಂಬುದನ್ನು ಇಲಾಖೆ ಪ್ರತಿ ತಿಂಗಳು ತನ್ನ ಜಾಲತಾಣದಲ್ಲಿ ಹಾಕಲಿ.

ಇಂತಿ,
ವನ್ಯಜೀವಿ ಆಸಕ್ತ ಓದುಗ,
ಬಸವನಗುಡಿ, ಬೆಂಗಳೂರು